ಯಾವ ಅಲಯನ್ಸ್ ಸೇರಬೇಕು? ಮೊದಲು ನಿಯಮ ಓದಿ, ಆಮೇಲೆ ರ್ಯಾಂಕ್ ನೋಡಿ

ಏರ್‌ಲೈನ್ ನಡೆಸುವ ಆಟಗಳಲ್ಲಿ ನಿಮ್ಮ ಕಂಪನಿ ಒಂದು ಹಂತಕ್ಕೆ ಬೆಳೆದ ಕೂಡಲೇ ಅಲಯನ್ಸ್‌ಗಳಿಂದ, ಅಂದರೆ ಆಟಗಾರರು ಸೇರಿ ಕಟ್ಟಿಕೊಂಡ ಕೂಟಗಳಿಂದ, ಕರೆ ಬರಲು ಶುರುವಾಗುತ್ತದೆ. ಒಂದು ಟಾಪ್ 10ರಲ್ಲಿದೆ. ಇನ್ನೊಂದರಲ್ಲಿ ಪರಿಚಯದವರಿದ್ದಾರೆ. ಮತ್ತೊಂದು ಹೊಸದು, ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಿದೆ. ಹೆಚ್ಚಿನವರು ರ್ಯಾಂಕ್ ನೋಡಿ ಸೇರಿಬಿಡುತ್ತಾರೆ, ಸ್ವಲ್ಪ ದಿನದಲ್ಲೇ ಬೇಜಾರು ಮಾಡಿಕೊಂಡು ಹೊರಗೆ ಬರುತ್ತಾರೆ. ನನ್ನ ಪ್ರಕಾರ ನೋಡಬೇಕಾದ್ದು ನಿಯಮಗಳನ್ನು. ಅದರಲ್ಲೂ ಎರಡು ಸಾಲು ಮುಖ್ಯ. ನೀವು ಆಟಕ್ಕೆ ಬರಲಾಗದ ದಿನಗಳಲ್ಲಿ ಏನು ಮಾಡುತ್ತಾರೆ? ನೀವು ಬಿಟ್ಟು ಹೋಗುವಾಗ ಏನು ಮಾಡುತ್ತಾರೆ? ಈ ಎರಡನ್ನು ಬಿಡಿಸಿ ಬರೆದಿಟ್ಟ ಅಲಯನ್ಸ್ ಉಳಿದದ್ದನ್ನೂ ಕೂತು ಯೋಚಿಸಿರುತ್ತದೆ.

ಆದರೆ ಅದಕ್ಕೂ ಮೊದಲು ನಿಮ್ಮ ಆಟ ಯಾವ ಥರದ್ದು ಅಂತ ನೋಡಿಕೊಳ್ಳಿ, ಯಾಕಂದರೆ ಒಂದು ಆಟದಲ್ಲಿ ಸರಿ ಅನಿಸುವ ನಿಯಮಕ್ಕೆ ಇನ್ನೊಂದರಲ್ಲಿ ಅರ್ಥವೇ ಇರುವುದಿಲ್ಲ. ಏರ್‌ಲೈನ್ ಮ್ಯಾನೇಜರ್ 4ರಂಥ ಆಟದಲ್ಲಿ ವಿಮಾನ ಇಳಿದ ಮೇಲೆ ನೀವೇ ಬಂದು ಮತ್ತೆ ಹಾರಿಸಬೇಕು. ನೀವು ಬರದಿದ್ದರೆ ವಿಮಾನ ಸುಮ್ನೆ ನಿಂತಿರುತ್ತದೆ. ಏರ್‌ಲೈನ್‌ಸಿಮ್‌ನಲ್ಲಿ ಹಾಗಲ್ಲ. ವಾರದ ವೇಳಾಪಟ್ಟಿ ಒಮ್ಮೆ ಹಾಕಿಟ್ಟರೆ ಅದು ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಮೊದಲನೆಯದರಲ್ಲಿ ನೀವು ದಿನಕ್ಕೆ ಎಷ್ಟು ಸಲ ಬರುತ್ತೀರಿ ಅನ್ನುವುದೇ ಎಲ್ಲ. ಎರಡನೆಯದರಲ್ಲಿ ನೀವು ಹಾಕಿದ ವೇಳಾಪಟ್ಟಿ ಎಷ್ಟು ಚೆನ್ನಾಗಿದೆ, ಅದನ್ನು ಬದಲಾಯಿಸುವಾಗ ಬೇರೆಯವರಿಗೆ ಹೇಳುತ್ತೀರಾ ಅನ್ನುವುದು ಮುಖ್ಯ. ವೇಳಾಪಟ್ಟಿ ತಾನೇ ಓಡುವ ಆಟದಲ್ಲಿ "ದಿನಾ ಲಾಗಿನ್ ಆಗಲೇಬೇಕು" ಅನ್ನುವ ಅಲಯನ್ಸ್ ಸಿಕ್ಕರೆ ಆ ನಿಯಮ ಯಾಕೆ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಅದನ್ನು ಬೇರೆ ಎಲ್ಲಿಂದಲೋ ಎತ್ತಿ ಹಾಕಿದ್ದಾರೆ.

ಸಾಮಾನ್ಯವಾಗಿ ಸಿಗುವುದು ಮೂರು ಬಗೆ. ಕೊಡುಗೆ ಲೆಕ್ಕ ಇಡುವವು, ನೆಟ್‌ವರ್ಕ್ ಜೋಡಿಸುವವು, ಹೆಸರಿಗೆ ಒಂದು ಗುಂಪು ಅಂತ ಇರುವವು. ಎರಡು ಬಗೆ ಬೆರೆತವೂ ಇವೆ. ನಿಮ್ಮದೇ ಒಂದನ್ನು ಶುರು ಮಾಡುವ ದಾರಿಯೂ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕೊಡುಗೆ ಲೆಕ್ಕದ ಅಲಯನ್ಸ್

ಇವು ರ್ಯಾಂಕ್ ಪಟ್ಟಿಯಲ್ಲಿ ಮೇಲೆ ಇರುತ್ತವೆ. ನಿಯಮಗಳಲ್ಲಿ ಅಂಕಿ ಜಾಸ್ತಿ. ವಾರಕ್ಕೆ ಇಷ್ಟು ಫ್ಲೈಟ್, ದಿನಕ್ಕೆ ಇಷ್ಟು ಕಾಂಟ್ರಿಬ್ಯೂಷನ್ (ನಿಮ್ಮ ಫ್ಲೈಟ್‌ಗಳಿಂದ ಅಲಯನ್ಸ್ ಲೆಕ್ಕಕ್ಕೆ ಸೇರುವ ಕೊಡುಗೆ), ಇಷ್ಟಕ್ಕಿಂತ ಕಡಿಮೆ ಆದರೆ ಎಚ್ಚರಿಕೆ, ಎರಡನೇ ಸಲ ಆದರೆ ಹೊರಗೆ. ಇದರಲ್ಲಿ ತಪ್ಪೇನಿಲ್ಲ. ಅಂಕಿಯಲ್ಲಿ ಬರೆದ ನಿಯಮಕ್ಕೆ ಒಂದು ದೊಡ್ಡ ಗುಣ ಇದೆ, ಲೀಡರ್‌ಗೆ ಯಾರು ಇಷ್ಟ ಯಾರು ಇಷ್ಟವಿಲ್ಲ ಅನ್ನುವುದು ಅಲ್ಲಿ ನಡೆಯುವುದಿಲ್ಲ. "ಸಕ್ರಿಯವಾಗಿರಬೇಕು" ಅಂತಷ್ಟೇ ಬರೆದ ನಿಯಮಕ್ಕಿಂತ "ವಾರಕ್ಕೆ 200 ಫ್ಲೈಟ್" ಅನ್ನುವ ನಿಯಮ ಸಾವಿರ ಪಾಲು ಮೇಲು, ಅದು ಎಷ್ಟೇ ಬಿಗಿ ಅನಿಸಲಿ.

ಆದರೆ ಆ 200 ನಿಮ್ಮ ದಿನಚರಿಗೆ ಒಗ್ಗುತ್ತದಾ ಅಂತ ಸೇರುವ ಮೊದಲೇ ಲೆಕ್ಕ ಹಾಕಿ. ನಿಮ್ಮ ಹತ್ತಿರ 12 ವಿಮಾನ ಇವೆ, ಎಲ್ಲವೂ 8 ಗಂಟೆಯ ರೂಟ್‌ನಲ್ಲಿವೆ ಅಂದುಕೊಳ್ಳಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬಂದು ಎಲ್ಲವನ್ನೂ ಹಾರಿಸುತ್ತೀರಿ. ದಿನಕ್ಕೆ 24 ಫ್ಲೈಟ್, ವಾರಕ್ಕೆ 168. ಇನ್ನೂ 32 ಬೇಕು. ಪ್ರತಿ ಹೆಚ್ಚುವರಿ ಲಾಗಿನ್‌ಗೆ 12 ಸಿಗುತ್ತದೆ, ಅಂದರೆ ವಾರದಲ್ಲಿ ಮೂರು ದಿನ ನೀವು ಮೂರು ಸಲ ಬರಬೇಕು. ಕೇಳಲು ಸುಲಭ. ಮಾಡಿ ನೋಡಿದರೆ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10, ಅಷ್ಟು ನಿಖರವಾಗಿ ಕೂರಬೇಕು. ಮಧ್ಯಾಹ್ನದ್ದು ಒಂದು ಗಂಟೆ ತಡವಾದರೆ ರಾತ್ರಿಯದು 11ಕ್ಕೆ ಹೋಗುತ್ತದೆ, ಮರುದಿನದ್ದು 7ಕ್ಕೆ. ಕೆಲಸ ಅಥವಾ ಕ್ಲಾಸ್ ಇರುವವರಿಗೆ ಇದು ಆಟ ಅನ್ನಿಸುವುದು ಬೇಗ ನಿಂತುಹೋಗುತ್ತದೆ. ಅದೇ ಅಲಯನ್ಸ್ ಫ್ಲೈಟ್ ಎಣಿಸುವ ಬದಲು ದೂರವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ನೀವು 11 ಗಂಟೆಯ ರೂಟ್ ಹಾಕಿಕೊಂಡು ದಿನಕ್ಕೆ ಎರಡೇ ಸಲ ಬಂದು ಬಚಾವಾಗಬಹುದು.

ಹಾಗಾಗಿ ಎಷ್ಟು ಅಂತ ಕೇಳುವುದಕ್ಕಿಂತ ಮೊದಲು ಏನನ್ನು ಎಣಿಸುತ್ತಾರೆ ಅಂತ ಕೇಳಿ. ಏರ್‌ಲೈನ್ ಮ್ಯಾನೇಜರ್ 4ರಲ್ಲಿ ಕಾಸ್ಟ್ ಇಂಡೆಕ್ಸ್ ಅಂತ ಒಂದು ಇದೆ, 0ರಿಂದ 200ರವರೆಗೆ. ಅದನ್ನು ಇಳಿಸಿದರೆ ವಿಮಾನ ನಿಧಾನಕ್ಕೆ ಹಾರುತ್ತದೆ, ಆದರೆ ಅಲಯನ್ಸ್‌ಗೆ ಹೋಗುವ ಕೊಡುಗೆ ಆ ಫ್ಲೈಟ್‌ಗೆ ಜಾಸ್ತಿ ಆಗುತ್ತದೆ. ದಿನಕ್ಕೆ ಎರಡು ಸಲ ಮಾತ್ರ ಬರುವವರಿಗೆ ಇದು ಒಳ್ಳೆಯದೇ, ಹೇಗಿದ್ದರೂ ವಿಮಾನ ಬೇಗ ಇಳಿದು ಕಾಯುತ್ತಾ ನಿಲ್ಲುವುದು ತಪ್ಪುತ್ತದೆ. ನಿಜವಾದ ವಿಮಾನಯಾನದಲ್ಲೂ ಕಾಸ್ಟ್ ಇಂಡೆಕ್ಸ್ ಇದೆ. ಸಮಯಕ್ಕೆ ಬೀಳುವ ಖರ್ಚನ್ನು ಇಂಧನದ ಖರ್ಚಿನ ಪಕ್ಕದಲ್ಲಿಟ್ಟು ನೋಡುವ ಅಂಕಿ ಅದು. ಇಂಥದ್ದನ್ನು ಹೊಸಬರಿಗೆ ಹೇಳಿಕೊಡುವ ಅಲಯನ್ಸ್ ಆದರೆ ಕೋಟಾ ಬಿಗಿಯಾಗಿದ್ದರೂ ಸೇರಬಹುದು. ಕೋಟಾ ಮಾತ್ರ ಕೊಟ್ಟು ದಾರಿ ತೋರಿಸದ ಕಡೆ ಬೇಡ.

ಇನ್ನೊಂದು ಗಮನಿಸಿ. ಕೋಟಾ ಎಲ್ಲರಿಗೂ ಒಂದೇನಾ, ಫ್ಲೀಟ್ ನೋಡಿ ಬದಲಾಗುತ್ತದಾ? 12 ವಿಮಾನದವನಿಗೂ 150 ವಿಮಾನದವನಿಗೂ ಒಂದೇ ಅಂಕಿ ಅಂದರೆ ಸಣ್ಣವನು ಸಾಯುವಷ್ಟು ದುಡಿಯುತ್ತಾನೆ, ದೊಡ್ಡವನು ಒಂದೇ ದಿನದಲ್ಲಿ ಮುಗಿಸಿ ಆರಾಮಾಗಿರುತ್ತಾನೆ. ವಿಮಾನಕ್ಕೆ ಇಷ್ಟು ಅಂತ ಲೆಕ್ಕ ಹಾಕುವವರು ನನಗೆ ಹೆಚ್ಚು ನ್ಯಾಯವಂತರಾಗಿ ಕಾಣುತ್ತಾರೆ.

ನೆಟ್‌ವರ್ಕ್ ಅಲಯನ್ಸ್

ನನಗೆ ಜಾಸ್ತಿ ಇಷ್ಟವಾದದ್ದು ಇದು, ಅದಕ್ಕೇ ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಪ್ರಯಾಣಿಕರು ಒಂದು ಕಂಪನಿಯಿಂದ ಇಳಿದು ಇನ್ನೊಂದನ್ನು ಹತ್ತುವುದನ್ನು ಲೆಕ್ಕ ಹಾಕುವ ಆಟಗಳಲ್ಲಿ, ಅಂದರೆ ಇಂಟರ್‌ಲೈನಿಂಗ್ ಇರುವ ಕಡೆ, ಅಲಯನ್ಸ್ ನಿಜವಾಗಿ ಕೆಲಸ ಮಾಡುವುದು ಇಲ್ಲಿ. 1997ರಲ್ಲಿ ಏರ್ ಕೆನಡಾ, ಲುಫ್ತಾನ್ಸಾ, ಎಸ್‌ಎಎಸ್, ಥಾಯ್, ಯುನೈಟೆಡ್ ಅನ್ನುವ ನಿಜವಾದ ಏರ್‌ಲೈನ್‌ಗಳು ಸೇರಿ ಸ್ಟಾರ್ ಅಲಯನ್ಸ್ ಮಾಡಿದ್ದರ ಹಿಂದೆಯೂ ಇದೇ ಯೋಚನೆ: ನನ್ನ ವಿಮಾನ ಹೋಗದ ಊರಿಗೆ ನಿನ್ನದು ಹೋಗುತ್ತದೆ, ನನ್ನ ಪ್ರಯಾಣಿಕನನ್ನು ನೀನು ಮುಂದಕ್ಕೆ ಕರೆದುಕೊಂಡು ಹೋಗು. ಒನ್‌ವರ್ಲ್ಡ್ 1999ರಲ್ಲಿ, ಸ್ಕೈಟೀಮ್ 2000ದಲ್ಲಿ ಅದೇ ದಾರಿ ಹಿಡಿದವು.

ಇಲ್ಲಿನ ನಿಯಮಗಳು ಮೇಲ್ನೋಟಕ್ಕೆ ಸಡಿಲ. ಕೋಟಾ ಇರುವುದಿಲ್ಲ. ಆದರೆ ವೇಳಾಪಟ್ಟಿಯ ವಿಷಯದಲ್ಲಿ ಕೈ ಬಿಗಿ ಇರಲೇಬೇಕು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಬ್ಬರು ಸದಸ್ಯರು ಫ್ರಾಂಕ್‌ಫರ್ಟ್‌ನಲ್ಲಿ ಹಬ್, ಅಂದರೆ ತಮ್ಮ ವಿಮಾನಗಳ ಮುಖ್ಯ ನೆಲೆ, ಮಾಡಿಕೊಂಡಿದ್ದಾರೆ. ಅಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ವಿಮಾನ ಹಾರಾಟಕ್ಕೆ ನಿರ್ಬಂಧ ಇದೆ, 2011ರಿಂದ. ಹಾಗಾಗಿ ದೂರದಿಂದ ರಾತ್ರಿಯಿಡೀ ಹಾರಿ ಬರುವ ದೊಡ್ಡ ವಿಮಾನಗಳು 5 ಗಂಟೆ ಆದಮೇಲೆ ಒಂದರ ಹಿಂದೆ ಒಂದು ಇಳಿಯುತ್ತವೆ. ಮೊದಲನೆಯವನ ದೊಡ್ಡ ವಿಮಾನ 6:10ಕ್ಕೆ ಇಳಿಯುತ್ತದೆ, ಎರಡನೆಯವನ ಸಣ್ಣ ವಿಮಾನ 7:00ಕ್ಕೆ ಹೊರಡುತ್ತದೆ. ನಡುವೆ 50 ನಿಮಿಷ. ಆಟದಲ್ಲಿ ಆ ವಿಮಾನ ನಿಲ್ದಾಣಕ್ಕೆ ಕನೆಕ್ಷನ್‌ಗೆ ಕನಿಷ್ಠ 45 ನಿಮಿಷ ಬೇಕು ಅಂತಿದ್ದರೆ ಎಲ್ಲ ಸರಿ. ಈಗ ಎರಡನೆಯವನು ತನ್ನ ವಿಮಾನದಿಂದ ದಿನಕ್ಕೆ ಇನ್ನೊಂದು ಟ್ರಿಪ್ ತೆಗೆಯಲು ಹೊರಡುವ ಸಮಯವನ್ನು ಹತ್ತೇ ನಿಮಿಷ ಹಿಂದಕ್ಕೆ ತಂದು 6:50 ಮಾಡುತ್ತಾನೆ. ಕನೆಕ್ಷನ್ ಸತ್ತಿತು. ಅವನಿಗೆ ಗೊತ್ತೇ ಆಗುವುದಿಲ್ಲ, ಅವನ ಕಣ್ಣಿಗೆ ಕಾಣುವುದು ಹೊಸ ಟ್ರಿಪ್‌ನ ಲಾಭ ಮಾತ್ರ. ಮೊದಲನೆಯವನ ದೊಡ್ಡ ವಿಮಾನದಲ್ಲಿ ಸೀಟು ಖಾಲಿ ಬೀಳಲು ಶುರುವಾಗುತ್ತದೆ, ಯಾಕೆ ಅಂತ ಹುಡುಕಲು ಅವನಿಗೆ ದಿನಗಳು ಹಿಡಿಯುತ್ತವೆ.

ಇದಕ್ಕೇ ಒಳ್ಳೆಯ ನೆಟ್‌ವರ್ಕ್ ಅಲಯನ್ಸ್‌ನಲ್ಲಿ ಒಂದು ನಿಯಮ ಇರುತ್ತದೆ. ಹಂಚಿಕೊಂಡ ಹಬ್‌ನಲ್ಲಿ ಸಮಯ ಬದಲಾಯಿಸುವ ಮುಂಚೆ ಇಷ್ಟು ದಿನ ಮೊದಲು ಹೇಳಬೇಕು, ಸುಮ್ನೆ ಬದಲಾಯಿಸುವಂತಿಲ್ಲ. ಈ ಒಂದು ಸಾಲು ಇಲ್ಲದ ನೆಟ್‌ವರ್ಕ್ ಅಲಯನ್ಸ್‌ಗೆ ನಾನು ಯಾರನ್ನೂ ಕಳಿಸುವುದಿಲ್ಲ.

ರೂಟ್ ಮೇಲೆ ರೂಟ್ ಹಾಕುವ ವಿಷಯವೂ ಇಲ್ಲೇ ಬರುತ್ತದೆ, ಜಗಳ ಆಗುವುದು ಹೆಚ್ಚು ಇದರಿಂದಲೇ. ಕೆಲವು ಆಟಗಳಲ್ಲಿ ಒಂದು ರೂಟ್‌ನ ಪ್ರಯಾಣಿಕರನ್ನು ಎಲ್ಲ ಆಟಗಾರರೂ ಹಂಚಿಕೊಳ್ಳಬೇಕು. ಇನ್ನು ಕೆಲವದರಲ್ಲಿ ಪ್ರತಿಯೊಬ್ಬನಿಗೂ ಬೇಡಿಕೆ ಬೇರೆ ಬೇರೆ, ಪಕ್ಕದವನು ಅದೇ ರೂಟ್ ಹಾರಿಸಿದರೂ ನಿಮಗೆ ನಷ್ಟವಿಲ್ಲ. ಎರಡನೇ ಥರದ ಆಟದಲ್ಲಿ "ಸದಸ್ಯರ ರೂಟ್ ಮುಟ್ಟಬಾರದು" ಅನ್ನುವ ನಿಯಮಕ್ಕೆ ಅರ್ಥವಿಲ್ಲ. ಮೊದಲ ಥರದ್ದರಲ್ಲಿ ಅದಿಲ್ಲದೆ ಅಲಯನ್ಸ್ ನಡೆಯುವುದಿಲ್ಲ.

ನಿಯಮ ಹೇಗೆ ಬರೆದಿದ್ದಾರೆ ಅಂತ ನೋಡಿ. ಮೂರು ರೀತಿ ಕಾಣಸಿಗುತ್ತವೆ. ಮೊದಲು ಬಂದವನಿಗೆ ರೂಟ್ ಅನ್ನುವುದು ಒಂದು. ಇದು ಹಳಬರಿಗೆ ಅನುಕೂಲ, ಹೊಸಬನಿಗೆ ಉಳಿದದ್ದೇ ಗತಿ. ಹಬ್‌ಗೆ ಒಬ್ಬರೇ ಅನ್ನುವುದು ಇನ್ನೊಂದು. ಸ್ವಚ್ಛವಾಗಿದೆ, ಆದರೆ ದೊಡ್ಡ ಹಬ್‌ಗಳೆಲ್ಲ ನಾಲ್ಕೈದು ಜನರ ಕೈಯಲ್ಲಿ ಸೇರಿಕೊಳ್ಳುತ್ತವೆ. ಮೂರನೆಯದು ರೂಟ್ ತುಂಬಿದ ಪ್ರಮಾಣ ನೋಡುವುದು: ಈಗಿರುವ ಸದಸ್ಯನ ಸೀಟುಗಳು ಚೆನ್ನಾಗಿ ತುಂಬಿ ಇನ್ನೂ ಪ್ರಯಾಣಿಕರು ಉಳಿಯುತ್ತಿದ್ದರೆ ಮಾತ್ರ ಇನ್ನೊಬ್ಬನು ಬರಬಹುದು, ಬರುವ ಮೊದಲು ಕೇಳಬೇಕು. ನಡೆಸಲು ಕಷ್ಟ, ಯಾರಾದರೂ ಅಂಕಿಅಂಶ ನೋಡುತ್ತಿರಬೇಕು. ಆದರೂ ನನ್ನ ಓಟು ಇದಕ್ಕೇ. ಖಾಲಿ ಬಿಟ್ಟ ಬೇಡಿಕೆಯನ್ನು ಹೊರಗಿನವನು ಬಂದು ತಿಂದುಹೋಗುವ ಬದಲು ನಮ್ಮವನೇ ತಿನ್ನಲಿ ಅಲ್ವಾ?

ಸ್ಲಾಟ್, ಅಂದರೆ ವಿಮಾನ ಇಳಿಯಲು ಅಥವಾ ಹೊರಡಲು ಸಿಗುವ ಸಮಯ, ಕಡಿಮೆ ಇರುವ ವಿಮಾನ ನಿಲ್ದಾಣಗಳಿಗೆ ಇದರ ಜೊತೆ ಇನ್ನೊಂದು ನಿಯಮ ಬೇಕಾಗುತ್ತದೆ. ಬಳಸದೆ ಸ್ಲಾಟ್ ಹಿಡಿದು ಕೂತವನನ್ನು ಏನು ಮಾಡಬೇಕು? ನಿಜ ಪ್ರಪಂಚದಲ್ಲಿ ಹೀಥ್ರೋದಂಥ ತುಂಬಿದ ನಿಲ್ದಾಣಗಳಲ್ಲಿ 80:20 ಅನ್ನುವ ಪದ್ಧತಿ ಇದೆ, ಒಂದು ಸೀಸನ್‌ನಲ್ಲಿ ಸ್ಲಾಟ್‌ಗಳನ್ನು ಕನಿಷ್ಠ 80 ಶೇಕಡಾ ಬಳಸದಿದ್ದರೆ ಮುಂದಿನ ಸಲ ಅವುಗಳ ಮೇಲೆ ಹಕ್ಕು ಇರುವುದಿಲ್ಲ. ಇದೇ ಮಾತನ್ನು ಅಲಯನ್ಸ್ ಒಳಗೆ ತಂದುಕೊಂಡವರು ಜಾಣರು. ಇಷ್ಟು ವಾರ ಬಳಸದಿದ್ದರೆ ಬಿಟ್ಟುಕೊಡಿ, ಬೇರೆ ಸದಸ್ಯ ತೆಗೆದುಕೊಳ್ಳಲಿ, ಅಷ್ಟೇ.

ಹೊರಗಿನವರ ಜೊತೆ ಒಪ್ಪಂದ ಮಾಡಿಕೊಳ್ಳಬಾರದು ಅನ್ನುವ ನಿಯಮವೂ ಕೆಲವು ಕಡೆ ಇರುತ್ತದೆ. ಅಲಯನ್ಸ್ ದೊಡ್ಡದಾಗಿದ್ದು ನೀವು ಹೋಗುವ ಕಡೆಗೆಲ್ಲ ಸದಸ್ಯರಿದ್ದರೆ ಒಪ್ಪಬಹುದು. ಸಣ್ಣದಾಗಿದ್ದರೆ ಇದು ನಿಮ್ಮ ಕೈ ಕಟ್ಟುತ್ತದೆ. ಆಸ್ಟ್ರೇಲಿಯಾದ ಕ್ವಾಂಟಸ್ ಒನ್‌ವರ್ಲ್ಡ್‌ನ ಸ್ಥಾಪಕ ಸದಸ್ಯ, ಆದರೂ 2013ರಿಂದ ಯಾವ ಅಲಯನ್ಸ್‌ನಲ್ಲೂ ಇಲ್ಲದ ಎಮಿರೇಟ್ಸ್ ಜೊತೆ ಕೈಜೋಡಿಸಿದೆ. ನಿಜವಾದ ಕಂಪನಿಗಳಿಗೇ ಅಷ್ಟು ಸಡಿಲ ಬೇಕು ಅಂದಮೇಲೆ ಆಟದಲ್ಲಿ ಬೇಡವೇ? ಹೊರಗಿನ ಒಪ್ಪಂದಕ್ಕೆ ಲೀಡರ್ ಒಪ್ಪಿಗೆ ಬೇಕು ಅನ್ನುವುದು ಸರಿಯಾದ ಮಟ್ಟ. ಪೂರ್ತಿ ನಿಷೇಧ ಅತಿಯಾಯಿತು.

ಹೆಸರಿಗೆ ಒಂದು ಗುಂಪು

ಇವುಗಳ ಬಗ್ಗೆ ಹೇಳುವುದು ಕಡಿಮೆ. ನಿಯಮ ಎರಡೋ ಮೂರೋ, ಮರ್ಯಾದೆಯಿಂದ ಮಾತಾಡಿ, ಮೋಸ ಮಾಡಬೇಡಿ, ಆಗಾಗ ಬನ್ನಿ. ಆಟ ಕಲಿಯುವವರಿಗೆ, ವಾರಕ್ಕೊಮ್ಮೆ ಬರುವವರಿಗೆ ಇದು ಸಾಕು. ತೊಂದರೆ ಒಂದೇ. ಅರ್ಧದಷ್ಟು ಜನ ಆಟ ಬಿಟ್ಟು ಹೋಗಿದ್ದರೂ ಹೆಸರು ಪಟ್ಟಿಯಲ್ಲಿ ಉಳಿದಿರುತ್ತದೆ. ಸೇರುವ ಮೊದಲು ಸದಸ್ಯರ ಪಟ್ಟಿ ತೆರೆದು ಕೊನೆಯ ಲಾಗಿನ್ ಯಾವಾಗ, ಈ ವಾರ ಯಾರು ಹಾರಿಸಿದ್ದಾರೆ ಅಂತ ನೋಡಿ. ಸದಸ್ಯರ ಸಂಖ್ಯೆ ನೋಡಿ ಮೋಸಹೋಗಬೇಡಿ.

ಬರಲಾಗದ ದಿನಗಳು

ಈಗ ನಾನು ಮೊದಲೇ ಹೇಳಿದ ಎರಡು ಸಾಲುಗಳು. ಪರೀಕ್ಷೆ ಇರುತ್ತದೆ, ಪ್ರಯಾಣ ಇರುತ್ತದೆ, ಹುಷಾರಿಲ್ಲದೆ ಮಲಗುತ್ತೇವೆ. ಎಲ್ಲರಿಗೂ ಇದ್ದದ್ದೇ. ಒಂದು ಅಲಯನ್ಸ್‌ನಲ್ಲಿ "5 ದಿನ ಬರದಿದ್ದರೆ ತೆಗೆಯುತ್ತೇವೆ" ಅಂತ ಮಾತ್ರ ಇದೆ ಅಂದುಕೊಳ್ಳಿ. ಇನ್ನೊಂದರಲ್ಲಿ "3 ದಿನ ಬರದಿದ್ದರೆ ಮೆಸೇಜ್ ಮಾಡುತ್ತೇವೆ, 7 ದಿನ ಆದರೆ ತೆಗೆಯುತ್ತೇವೆ, ಮೊದಲೇ ಹೇಳಿ ಹೋದರೆ 3 ವಾರದವರೆಗೆ ಜಾಗ ಇರುತ್ತದೆ, ಕೋಟಾ ಲೆಕ್ಕಕ್ಕಿಲ್ಲ, ತೆಗೆದಮೇಲೂ ಜಾಗ ಇದ್ದರೆ ವಾಪಸ್ ಬರಬಹುದು" ಅಂತಿದೆ. ಎರಡನೆಯದು ಉದ್ದ, ಓದಲು ಬೇಜಾರು. ಆದರೆ ಅದನ್ನು ಬರೆದವರು ಸದಸ್ಯರನ್ನು ಮನುಷ್ಯರು ಅಂತ ನೋಡಿದ್ದಾರೆ. ಮೊದಲನೆಯದರಲ್ಲಿ ನೀವು ಆಸ್ಪತ್ರೆಯಲ್ಲಿದ್ದರೂ ಆರನೇ ದಿನ ಹೊರಗೆ.

ಇದೇ ಜಾಗದಲ್ಲಿ ಒಂದು ಅಪಾಯವೂ ಇದೆ. "ನೀವು ಇಲ್ಲದಾಗ ಪಾಸ್‌ವರ್ಡ್ ಕೊಡಿ, ನಾವು ಹಾರಿಸುತ್ತೇವೆ" ಅನ್ನುವವರು ಸಿಗುತ್ತಾರೆ. ಬೇಡವೇ ಬೇಡ. ಅಕೌಂಟ್ ಹಂಚಿಕೊಳ್ಳುವುದನ್ನು, ಒಬ್ಬನೇ ಎರಡು ಕಂಪನಿ ನಡೆಸುವುದನ್ನು ಎಷ್ಟೋ ಆಟಗಳು ಒಪ್ಪುವುದಿಲ್ಲ. ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಕಂಪನಿ, ಕೇಳಿದವರದ್ದಲ್ಲ. ಅಲಯನ್ಸ್ ನಿಯಮ ಎಂದೂ ಆಟದ ನಿಯಮಕ್ಕಿಂತ ಮೇಲಲ್ಲ. ಇದೇ ಕಾರಣಕ್ಕೆ ಸದಸ್ಯರ ನಡುವೆ ಹಣ, ವಿಮಾನ ಸಾಗಿಸುವ ನಿಯಮಗಳನ್ನೂ ಹುಷಾರಾಗಿ ಓದಿ. ದೊಡ್ಡ ಸದಸ್ಯ ಸಣ್ಣವನಿಗೆ ಮಾರುಕಟ್ಟೆ ಬೆಲೆಗೆ ವಿಮಾನ ಲೀಸ್ ಕೊಡುವುದು ಸರಿ. ಪುಕ್ಕಟೆ ಬೆಲೆಗೆ ಕೊಡುವುದು ಆಟ ನಡೆಸುವವರ ಕಣ್ಣಿಗೆ ಎರಡನೇ ಅಕೌಂಟ್‌ನಿಂದ ದುಡ್ಡು ಸಾಗಿಸಿದ ಹಾಗೆ ಕಾಣುತ್ತದೆ.

ಬಿಟ್ಟು ಹೋಗುವಾಗ

ಸ್ಟಾರ್ ಅಲಯನ್ಸ್ ಶುರು ಮಾಡಿದ ಐವರಲ್ಲಿ ಒಬ್ಬರಾದ ಎಸ್‌ಎಎಸ್ 2024ರ ಆಗಸ್ಟ್ 31ಕ್ಕೆ ಅಲ್ಲಿಂದ ಹೊರಬಂದು ಮರುದಿನವೇ ಸ್ಕೈಟೀಮ್ ಸೇರಿತು. ಇಪ್ಪತ್ತೇಳು ವರ್ಷದ ನಂಟು. ದಿನಾಂಕ ಮೊದಲೇ ಎಲ್ಲರಿಗೂ ಗೊತ್ತಿತ್ತು, ಪ್ರಯಾಣಿಕರಿಗೂ. ಆಟದಲ್ಲೂ ಜನ ಹೋಗುತ್ತಾರೆ, ಅದು ದ್ರೋಹವಲ್ಲ. "ಬಿಟ್ಟವರನ್ನು ಎಂದೂ ಮತ್ತೆ ಸೇರಿಸುವುದಿಲ್ಲ", "ಬಿಟ್ಟು ಹೋದವರ ರೂಟ್‌ಗಳ ಮೇಲೆ ಎಲ್ಲರೂ ಬೆಲೆ ಇಳಿಸಿ ಹೊಡೆಯುತ್ತೇವೆ" ಅಂತೆಲ್ಲ ಬರೆದಿದ್ದರೆ ಅಲ್ಲಿಂದಲೇ ನಮಸ್ಕಾರ ಹೇಳಿ. ಒಳ್ಳೆಯ ನಿಯಮ ಸರಳವಾಗಿರುತ್ತದೆ: ಇಷ್ಟು ದಿನ ಮೊದಲು ಹೇಳಿ, ಹಂಚಿಕೊಂಡ ಹಬ್‌ನ ವೇಳಾಪಟ್ಟಿ ಅಲ್ಲಿಯವರೆಗೆ ಕೆಡಿಸಬೇಡಿ, ಲೀಸ್‌ಗೆ ತಂದ ವಿಮಾನ ವಾಪಸ್ ಕೊಡಿ. ಜೊತೆಗೆ ಆಟವೇ ಏನು ಮಾಡುತ್ತದೆ ಅಂತಲೂ ನೋಡಿಕೊಳ್ಳಿ. ಬಿಟ್ಟರೆ ಅಲ್ಲಿಯವರೆಗಿನ ಕೊಡುಗೆಯ ಲೆಕ್ಕ ಸೊನ್ನೆ ಆಗುತ್ತದಾ, ಹೊಸದಕ್ಕೆ ಸೇರಲು ಕಾಯಬೇಕಾ ಅನ್ನುವುದು ಒಂದೊಂದು ಆಟದಲ್ಲಿ ಒಂದೊಂದು ಥರ.

ಯಾರ ಕೈಯಲ್ಲಿ

ನಿಯಮ ಚೆನ್ನಾಗಿದ್ದು ಅದನ್ನು ನಡೆಸುವವರು ಇಲ್ಲದಿದ್ದರೆ ಏನೂ ಉಪಯೋಗವಿಲ್ಲ. ತೆಗೆಯುವ ಅಧಿಕಾರ ಒಬ್ಬನಿಗೇನಾ? ಅವನೇ ಆಟ ಬಿಟ್ಟರೆ? ಶುರು ಮಾಡಿದವರು ಬರುವುದು ನಿಂತು, ಹೊಸಬರನ್ನು ಒಪ್ಪಿಕೊಳ್ಳುವವರೇ ಇಲ್ಲದೆ ಎಷ್ಟೋ ಒಳ್ಳೆಯ ಅಲಯನ್ಸ್‌ಗಳು ಹಾಗೇ ಒಣಗಿಹೋಗುತ್ತವೆ. ಕನಿಷ್ಠ ಇಬ್ಬರಿಗಾದರೂ ಪೂರ್ತಿ ಅಧಿಕಾರ ಇರಬೇಕು, ಲೀಡರ್ ಇಷ್ಟು ದಿನ ಬರದಿದ್ದರೆ ಜವಾಬ್ದಾರಿ ಯಾರಿಗೆ ಅಂತ ಬರೆದಿರಬೇಕು. ಕೋಟಾ ಲೀಡರ್‌ಗೂ ಅನ್ವಯಿಸುತ್ತದಾ ಅಂತ ಕೇಳಿ ನೋಡಿ. ಕೇಳಲು ಮುಜುಗರ ಬೇಡ, ಉತ್ತರ ಕೊಡುವ ರೀತಿಯಲ್ಲೇ ಬಹಳಷ್ಟು ಗೊತ್ತಾಗುತ್ತದೆ. ನಿಯಮ ಬದಲಾಯಿಸುವಾಗ ಸದಸ್ಯರಿಗೆ ಮೊದಲೇ ತಿಳಿಸುತ್ತಾರಾ ಅನ್ನುವುದನ್ನೂ ಕೇಳಿ, ಯಾಕಂದರೆ 200 ಅಂತ ನೋಡಿ ಸೇರಿದವರಿಗೆ ಒಂದು ಸೋಮವಾರ ಬೆಳಿಗ್ಗೆ ಅದು 300 ಆಗಿದ್ದರೆ ಹಾಕಿದ ಲೆಕ್ಕವೆಲ್ಲ ನೀರಿಗೆ ಹೋಯಿತು.

ಕಂಪನಿಯ ಹೆಸರಿನ ಮುಂದೆ ಅಲಯನ್ಸ್ ಹೆಸರು ಹಾಕಬೇಕು, ಲೋಗೋ ಹೀಗೇ ಇರಬೇಕು, ಡಿಸ್ಕಾರ್ಡ್‌ಗೆ ಬರಲೇಬೇಕು, ಇಂಥವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇಷ್ಟವಿದ್ದರೆ ಮಾಡಿ, ಇಲ್ಲದಿದ್ದರೆ ಬೇರೆ ನೋಡಿ.

ನಿಮ್ಮದೇ ಒಂದು

ಯಾವುದೂ ಹೊಂದದಿದ್ದರೆ ಮೂರ್ನಾಲ್ಕು ಜನ ಸೇರಿ ಶುರು ಮಾಡಬಹುದು. ಆದರೆ ದಿನಕ್ಕೆ ಒಂದೆರಡು ಸಲ ಬಂದು ಮೆಸೇಜ್ ನೋಡುವಷ್ಟು ಸಮಯ ನಿಮಗಿಲ್ಲ ಅಂದರೆ ಬೇಡ, ಸಣ್ಣ ಗುಂಪಿನಲ್ಲಿ ಲೀಡರ್ ಕಾಣದಿದ್ದರೆ ಉಳಿದವರೂ ಬೇಗ ಚದುರುತ್ತಾರೆ. ಶುರುವಿನಲ್ಲೇ ಇಪ್ಪತ್ತು ನಿಯಮ ಬರೆಯಬೇಡಿ. ರಜೆಯದ್ದು, ಬಿಡುವಾಗಿನದ್ದು, ರೂಟ್ ಡಿಕ್ಕಿ ಹೊಡೆದರೆ ಯಾರು ತೀರ್ಮಾನ ಮಾಡುತ್ತಾರೆ ಅನ್ನುವುದು, ಇಷ್ಟನ್ನು ಮೊದಲ ದಿನವೇ ಬರೆದಿಡಿ. ಕೋಟಾ ಮಾತ್ರ ತಡೆಯಿರಿ. ಒಂದು ತಿಂಗಳು ಎಲ್ಲರೂ ತಮ್ಮ ಪಾಡಿಗೆ ಆಡಲಿ, ಯಾರಿಗೆ ಎಷ್ಟು ಆಗುತ್ತದೆ ಅಂತ ಪಟ್ಟಿ ಮಾಡಿ, ಅದರಲ್ಲಿ ಕಡಿಮೆ ಮಾಡಿದವರಿಗೂ ಎಟುಕುವಂಥ ಅಂಕಿ ಇಡಿ. ಆಮೇಲೆ ಸದಸ್ಯರು ಬೆಳೆದ ಹಾಗೆ, ಅವರನ್ನೇ ಕೇಳಿ ಏರಿಸುತ್ತಾ ಹೋಗಬಹುದು.